ಯಾವ ಹಾಡು ಹಾಕಿದರೆ ಮಗು ಮಲಗುತ್ತೆ?

ನನ್ನ ಮಗನಿಗೆ ಆಟಿಸಂ ಇದೆ. ರಾತ್ರಿ ಅವನನ್ನು ಮಲಗಿಸುವಾಗ ನಾವು ಒಂದು ರೆಕಾರ್ಡಿಂಗ್ ಹಾಕುತ್ತೇವೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಯಾವ ಮ್ಯೂಸಿಕ್ ಹಾಕ್ತೀರಿ? ನಮಗೂ ಕಳಿಸಿ." ಹೀಗೆ ಕೇಳುವ ಮೆಸೇಜುಗಳು ಹೆಚ್ಚಾಗಿ ಬರುವುದು ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ. ಆ ಹೊತ್ತಲ್ಲಿ ಅವರ ಮನೆಯಲ್ಲಿ ಏನು ನಡೆಯುತ್ತಿರುತ್ತದೆ ಅಂತ ನನಗೆ ಗೊತ್ತು. ಹಾಗಾಗಿ ಒಂದು ಸಾಲಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸು ಬರುವುದಿಲ್ಲ.

ನಾನು ಹಾಕುವುದನ್ನೇ ನೀವೂ ಹಾಕಿದರೆ ನಿಮ್ಮ ಮಗು ಮಲಗುತ್ತದೆ ಅಂತ ಹೇಳಲು ಬರುವುದಿಲ್ಲ. ಹಾಡು ನಿದ್ದೆ ಮಾತ್ರೆ ಅಲ್ಲ. ಇವತ್ತಿನ ದಿನ ಮುಗೀತು, ಇನ್ನು ಹೊಸದೇನೂ ಆಗುವುದಿಲ್ಲ ಅಂತ ಅದು ಮಗುವಿಗೆ ತಿಳಿಸುತ್ತದೆ. ಮುಂದೇನು ಅಂತ ಗೊತ್ತಿಲ್ಲದಿದ್ದರೆ ಒದ್ದಾಡುವ ಮಗುವಿಗೆ ಅಷ್ಟು ತಿಳಿಯುವುದೇ ಎಷ್ಟೋ ದೊಡ್ಡ ಸಮಾಧಾನ.

ಮೊದಲು ಒಂದು ಮಾತು. ಆಟಿಸಂ ಇರುವ ನೂರು ಮಕ್ಕಳಲ್ಲಿ 50ರಿಂದ 80 ಮಕ್ಕಳಿಗೆ ನಿದ್ದೆಯ ತೊಂದರೆ ಇರುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಇದು ಮಗುವಿನ ಹಟ ಅಲ್ಲ. ನೀವು ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ. ಕತ್ತಲಾದ ಮೇಲೆ ದೇಹದಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನ್ ಏರಬೇಕು, ಆಗ ನಿದ್ದೆ ಹತ್ತಿರ ಬರುತ್ತದೆ. ಈ ಮಕ್ಕಳಲ್ಲಿ ಕೆಲವರಿಗೆ ಅದು ಕಡಿಮೆ ಇರುತ್ತದೆ. ಇನ್ನು ಕೆಲವರಿಗೆ ಕಿವಿ, ಚರ್ಮ ಎರಡೂ ತುಂಬಾ ಚುರುಕು. ಅಡುಗೆಮನೆಯ ಫ್ರಿಜ್ ಗುಂಯ್ ಅನ್ನುವುದು, ಅಂಗಿಯ ಹಿಂದಿನ ಲೇಬಲ್, ಬಾಗಿಲ ಸಂದಿಯ ಬೆಳಕು, ನಮಗೆ ಗಮನಕ್ಕೇ ಬಾರದ ಇವೆಲ್ಲ ಅವರಿಗೆ ರಾತ್ರಿಯಿಡೀ ಚುಚ್ಚುತ್ತಿರುತ್ತವೆ. ತನಗೆ ಸುಸ್ತಾಗಿದೆ, ನಿದ್ದೆ ಬರುತ್ತಿದೆ ಅಂತ ತನ್ನದೇ ಮೈಯಿಂದ ಗೊತ್ತು ಮಾಡಿಕೊಳ್ಳುವುದೂ ಕೆಲವು ಮಕ್ಕಳಿಗೆ ಕಷ್ಟ. ಕಣ್ಣು ಕೆಂಪಾಗಿರುತ್ತದೆ, ಆದರೂ ಮಗು ಮಂಚದ ಮೇಲೆ ಕುಣಿಯುತ್ತಿರುತ್ತದೆ. ನೀವೂ ನೋಡಿರುತ್ತೀರಿ ಅಲ್ವಾ?

ಹಾಡಿನ ಯೋಚನೆಗೆ ಮುಂಚೆ ಡಾಕ್ಟರ ಹತ್ತಿರ ಕೆಲವು ವಿಷಯ ಕೇಳಿಬಿಡಿ. ಮಲಬದ್ಧತೆ, ಎದೆಯುರಿ, ಹಲ್ಲು ನೋವು ಇದ್ದರೆ ಮಾತು ಬಾರದ ಮಗು ಅದನ್ನು ಹೇಳುವುದು ರಾತ್ರಿ ಅಳುವ ಮೂಲಕವೇ. ಮಗು ಜೋರಾಗಿ ಗೊರಕೆ ಹೊಡೆಯುತ್ತದಾ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದಾ, ಕಾಲು ಒದರುತ್ತಲೇ ಇರುತ್ತದಾ ನೋಡಿ. ಕಬ್ಬಿಣದ ಅಂಶ ಕಡಿಮೆ ಇದ್ದರೂ ಕಾಲಿನ ಚಡಪಡಿಕೆ ಬರಬಹುದು, ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಫಿಟ್ಸ್ ಕೂಡ ಆಟಿಸಂ ಇರುವ ಮಕ್ಕಳಲ್ಲಿ ಬೇರೆ ಮಕ್ಕಳಿಗಿಂತ ಜಾಸ್ತಿ. ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ 2020ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ತಂದಿತು. ಅದರಲ್ಲಿರುವುದೂ ಇದೇ ಕ್ರಮ: ಮೊದಲು ಇಂಥ ಕಾರಣಗಳು ಮತ್ತು ಮಗು ತಗೊಳ್ಳುತ್ತಿರುವ ಔಷಧಿಗಳನ್ನು ನೋಡುವುದು, ಆಮೇಲೆ ಮಲಗುವ ಅಭ್ಯಾಸ ಸರಿಮಾಡುವುದು, ಅದೂ ಸಾಲದಿದ್ದರೆ ಮೆಲಟೋನಿನ್. ಮೆಲಟೋನಿನ್ ಬೇಕಾ, ಎಷ್ಟು ಕೊಡಬೇಕು, ಯಾವ ಹೊತ್ತಿಗೆ ಕೊಡಬೇಕು ಅನ್ನುವುದನ್ನು ನನ್ನಂಥವರನ್ನು ಕೇಳಬೇಡಿ, ದಯವಿಟ್ಟು. ಹೊಟ್ಟೆ ನೋಯುತ್ತಿರುವ ಮಗುವಿಗೆ ಎಂಥ ಇಂಪಾದ ಹಾಡು ಹಾಕಿದರೂ ಏನು ಬಂತು?

ಈಗ ಹಾಡಿಗೆ ಬರುತ್ತೇನೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ "ರಿಲ್ಯಾಕ್ಸಿಂಗ್ ಮ್ಯೂಸಿಕ್" ಅಂತ ಹುಡುಕಿದೆ. ಕೊಳಲು, ಹಿನ್ನೆಲೆಯಲ್ಲಿ ಹರಿಯುವ ನೀರು, ಆಗಾಗ ಹಕ್ಕಿಯ ಕೂಗು. ಕೇಳುತ್ತಾ ಕೂತರೆ ನನಗೇ ಕಣ್ಣು ಮುಚ್ಚುತ್ತಿತ್ತು. ಮಗ ಮಾತ್ರ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಒಂದು ವಾರ ಬಿಡದೆ ಹಾಕಿದೆ, ಅಭ್ಯಾಸ ಆಗುತ್ತದೆ ಅಂದುಕೊಂಡು. ಅವನು ಮಲಗುವ ಹೊತ್ತು ಇನ್ನೂ ತಡವಾಯಿತು. ಒಂದು ರಾತ್ರಿ ಪಕ್ಕದಲ್ಲೇ ಮಲಗಿ ಅವನ ಮುಖ ನೋಡುತ್ತಾ ಇದ್ದೆ. ಆಗ ಗೊತ್ತಾಯಿತು, ಅವನು ಹಕ್ಕಿಗೆ ಕಾಯುತ್ತಿದ್ದ. ಒಮ್ಮೆ ಕೂಗಿದ ಹಕ್ಕಿ ಮತ್ತೆ ಯಾವಾಗ ಕೂಗುತ್ತದೋ ಅಂತ ಭುಜ ಬಿಗಿ ಹಿಡಿದು, ಉಸಿರು ಬಿಗಿ ಹಿಡಿದು ಕಾಯುತ್ತಿದ್ದ. ಕೊಳಲಿನ ಮೇಲಿನ ಸ್ವರ ಬಂದಾಗಲೆಲ್ಲ ಕಣ್ಣು ಕಿವುಚುತ್ತಿದ್ದ. ನನಗೆ ಹಿತವಾಗಿದ್ದ ಶಬ್ದ ಅವನಿಗೆ ನೋವಾಗುತ್ತಿತ್ತು. ಆ ಒಂದು ವಾರ ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಹಾಗಾಗಿ ಯಾವ ಹಾಡು ಅನ್ನುವುದಕ್ಕಿಂತ ಹಾಡು ಹೇಗಿರಬೇಕು ಅನ್ನುವುದನ್ನು ಹೇಳುತ್ತೇನೆ. ನಿಧಾನವಾಗಿರಲಿ, ನಿಮಿಷಕ್ಕೆ 60ರಿಂದ 80 ತಾಳ, ಅಂದರೆ ಸುಮ್ಮನೆ ಕೂತಿರುವ ಮನುಷ್ಯನ ಎದೆಬಡಿತದಷ್ಟು. ದನಿ ಕೆಳಸ್ಥಾಯಿಯಲ್ಲಿರಲಿ. ಇದ್ದಕ್ಕಿದ್ದಂತೆ ಏರುವುದು, ಹೊಸ ವಾದ್ಯ ನುಗ್ಗುವುದು, ಚಪ್ಪಾಳೆ, ಗಂಟೆ ಯಾವುದೂ ಬೇಡ. ಸಾಹಿತ್ಯ ಇಲ್ಲದಿದ್ದರೆ ಒಳ್ಳೆಯದು, ಯಾಕೆಂದರೆ ಕೆಲವು ಮಕ್ಕಳು ಹಾಡಿನ ಮಾತು ಹಿಡಿದುಕೊಂಡು ಅದನ್ನೇ ಹೇಳುತ್ತಾ ಎಚ್ಚರವಾಗಿಬಿಡುತ್ತಾರೆ. ತಂಬೂರಿಯ ಶ್ರುತಿ, ಫ್ಯಾನಿನ ಸದ್ದು, ಒಂದೇ ಸಮನೆ ಸುರಿಯುವ ಮಳೆ, ಗುನುಗುವ ದನಿ, ಇಂಥವು ಸಾಮಾನ್ಯವಾಗಿ ಹೊಂದುತ್ತವೆ. ಗುಡುಗು ಇಲ್ಲದ ಮಳೆ ಇರಲಿ. ಮತ್ತೆ ಇವನ್ನು ಮೊದಲ ಸಲ ಕೇಳಿಸುವುದು ರಾತ್ರಿ ಬೇಡ. ಮಧ್ಯಾಹ್ನ, ಮಗು ಖುಷಿಯಾಗಿ ಆಡುತ್ತಿರುವಾಗ ಎರಡು ನಿಮಿಷ ಹಾಕಿ. ಹತ್ತಿರ ಬರುತ್ತದಾ, ದೂರ ಹೋಗುತ್ತದಾ, ಕಿವಿ ಮುಚ್ಚುತ್ತದಾ, ಮೈ ತೂಗುತ್ತದಾ ನೋಡಿ. ಆಯ್ಕೆ ಮಗುವಿನದು. ಮಾತು ಬಾರದಿದ್ದರೂ ಅದಕ್ಕೆ ಆಯ್ಕೆ ಮಾಡಲು ಬರುತ್ತದೆ.

ಒಂದು ಸಲ ಆಯ್ಕೆಯಾದ ಮೇಲೆ ಬದಲಾಯಿಸಬೇಡಿ. ದಿನಾ ಅದೇ. ಒಂದೇ ಹಾಡು ಕೇಳಿದರೆ ಮಗುವಿಗೆ ಬೇಜಾರಾಗುವುದಿಲ್ಲವಾ ಅಂತ ತುಂಬಾ ಜನ ಕೇಳುತ್ತಾರೆ. ಬೇಜಾರಾಗುವುದು ನಮಗೆ. ಹಗಲೆಲ್ಲ ನಾವು ಯಾವುದನ್ನು ಇವರ ತೊಂದರೆ ಅಂತ ಕರೆಯುತ್ತೇವೋ, ಅದೇ ದಾರಿ, ಅದೇ ತಟ್ಟೆ, ಅದೇ ಬಣ್ಣ ಬೇಕು ಅನ್ನುವ ಆ ಪಟ್ಟು, ರಾತ್ರಿ ಅದೇ ನಮಗೆ ಸಹಾಯಕ್ಕೆ ಬರುತ್ತದೆ. ಸ್ನಾನ, ಹಲ್ಲುಜ್ಜುವುದು, ಅದೇ ಹೊದಿಕೆ, ದೀಪ ಸಣ್ಣದು, ಆಮೇಲೆ ಅದೇ ಶಬ್ದ. ಇದೇ ಕ್ರಮ ದಿನಾ. ಚಿತ್ರದ ಕಾರ್ಡುಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದರೆ ಮಗು ತಾನೇ ನೋಡಿಕೊಳ್ಳುತ್ತದೆ. ಈ ಶಬ್ದವನ್ನು ಹಗಲಲ್ಲಿ, ಕಾರಿನಲ್ಲಿ, ಅಳು ನಿಲ್ಲಿಸಲು ಅಂತೆಲ್ಲ ಬಳಸಬೇಡಿ. ಅದು ಮಲಗುವ ಹೊತ್ತಿಗೆ ಮಾತ್ರ ಇರಲಿ, ಇಲ್ಲದಿದ್ದರೆ ಅದಕ್ಕೆ ಅರ್ಥ ಉಳಿಯುವುದಿಲ್ಲ.

ಇನ್ನೊಂದು ವಿಷಯ ನನಗೆ ಗೊತ್ತಾಗಲು ಬಹಳ ತಿಂಗಳು ಹಿಡಿಯಿತು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವೆಲ್ಲ ರಾತ್ರಿ ಹಲವು ಸಲ ಅರೆಬರೆ ಎಚ್ಚರವಾಗುತ್ತೇವೆ. ಒಂದೊಂದು ಸುತ್ತಿನ ನಿದ್ದೆ ಮುಗಿದಾಗ ಕ್ಷಣಹೊತ್ತು ಮೇಲೆ ಬಂದು, ಎಲ್ಲ ಮಲಗಿದಾಗ ಇದ್ದ ಹಾಗೇ ಇದೆ ಅಂತ ಅನಿಸಿದರೆ ಮತ್ತೆ ಮುಳುಗುತ್ತೇವೆ, ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ಈಗ ಮಗು ಹಾಡು ಕೇಳುತ್ತಾ ನಿದ್ದೆ ಹೋಯಿತು ಅಂತಿಟ್ಟುಕೊಳ್ಳಿ. ನೀವು ಮೆಲ್ಲಗೆ ಬಂದು ಹಾಡು ಆಫ್ ಮಾಡಿದಿರಿ. ಮಧ್ಯರಾತ್ರಿ ಮಗು ಹಾಗೆ ಮೇಲೆ ಬಂದಾಗ ಹಾಡು ಇಲ್ಲ. ಮಲಗಿದಾಗ ಇದ್ದ ಜಗತ್ತು ಈಗಿಲ್ಲ. ಪೂರ್ತಿ ಎಚ್ಚರ. ನಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಯ ಅಳುವಿಗೆ ಕಾರಣ ಇದೇ ಆಗಿತ್ತು, ನಾನು ಹಲ್ಲು, ಹೊಟ್ಟೆ, ಕೆಟ್ಟ ಕನಸು ಎಲ್ಲದರ ಮೇಲೂ ತಪ್ಪು ಹೊರಿಸಿದ್ದೆ. ಹಾಗಾಗಿ ಎರಡರಲ್ಲಿ ಒಂದು ಮಾಡಿ. ಮಗು ಇನ್ನೂ ಎಚ್ಚರ ಇರುವಾಗಲೇ ಮುಗಿದುಹೋಗುವಷ್ಟು ಚಿಕ್ಕದಾಗಿ ಹಾಕಿ. ಅಥವಾ ಬೆಳಗಿನವರೆಗೂ ಒಂದೇ ಸಮನೆ, ತುಂಬಾ ಮೆಲ್ಲಗೆ ನಡೆಯುವ ಸದ್ದು ಇಡಿ. ನಾವು ಎರಡನ್ನೂ ಸೇರಿಸಿದ್ದೇವೆ: ರೆಕಾರ್ಡಿಂಗ್ ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ, ಫ್ಯಾನಿನ ಸದ್ದು ರಾತ್ರಿಯಿಡೀ ಇರುತ್ತದೆ. ತೂಗುವುದು, ಬೆನ್ನು ತಟ್ಟುವುದು, ಪಕ್ಕದಲ್ಲೇ ಅಮ್ಮ ಮಲಗಿರುವುದು, ಎಲ್ಲಕ್ಕೂ ಇದೇ ಮಾತು ಸಲ್ಲುತ್ತದೆ.

ವಾಲ್ಯೂಮ್ ಬಗ್ಗೆ ಹುಷಾರು. ಮಕ್ಕಳನ್ನು ಮಲಗಿಸಲು ಮಾರುವ ಶಬ್ದದ ಯಂತ್ರಗಳನ್ನು 2014ರಲ್ಲಿ ಪರೀಕ್ಷೆ ಮಾಡಿದಾಗ ಕೆಲವು ಪೂರ್ತಿ ಏರಿಸಿದರೆ 85 ಡೆಸಿಬೆಲ್ ದಾಟಿದ್ದವು. ಅಷ್ಟು ಸದ್ದಿನಲ್ಲಿ ದೊಡ್ಡವರು ದಿನಕ್ಕೆ ಎಂಟು ಗಂಟೆ ಕೆಲಸ ಮಾಡಬೇಕೆಂದರೂ ಕಿವಿಗೆ ರಕ್ಷಣೆ ಬೇಕು ಅನ್ನುತ್ತಾರೆ. ಸ್ಪೀಕರನ್ನು ಕೋಣೆಯ ಆ ತುದಿಯಲ್ಲಿಡಿ, ದಿಂಬಿನ ಪಕ್ಕ ಬೇಡ. ಬಾಗಿಲಲ್ಲಿ ನಿಂತವರಿಗೆ ಸುಮಾರಾಗಿ ಕೇಳಿದರೆ ಸಾಕು. ಇಯರ್‌ಫೋನ್ ಹಾಕಿ ಮಲಗಿಸಬೇಡಿ, ವೈರು ಕುತ್ತಿಗೆಗೆ ಸುತ್ತಿಕೊಳ್ಳುವ ಭಯವೂ ಇದೆ. ಫೋನಿನಿಂದ ಹಾಕುವುದಾದರೆ ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡಿನಲ್ಲಿಟ್ಟು ಹಾಕಿ. ಮಧ್ಯದಲ್ಲಿ ಒಂದು ಜಾಹೀರಾತು ಕಿರುಚಿದರೆ ಎರಡು ವಾರ ಕಟ್ಟಿದ್ದು ಒಂದು ಕ್ಷಣಕ್ಕೆ ಹೋಗುತ್ತದೆ. ಫೋನಿನ ಪರದೆ ಮಾತ್ರ ಮಗುವಿಗೆ ಕಾಣಬಾರದು.

ಇನ್ನು ರಿಲ್ಯಾಕ್ಸ್ ಮಾಡಿಸುವುದು. "ರಿಲ್ಯಾಕ್ಸ್ ಆಗು", "ಸುಮ್ನೆ ಮಲ್ಕೋ" ಅನ್ನುವ ಮಾತು ಈ ಮಕ್ಕಳಿಗೆ ಏನೂ ಹೇಳುವುದಿಲ್ಲ. ಏನು ಮಾಡಬೇಕು ಅಂತ ಅದರಲ್ಲಿ ಇಲ್ಲ ನೋಡಿ. ಕೈಗೆ, ಕಾಲಿಗೆ ಕೆಲಸ ಕೊಡಬೇಕು. ಸುಮಾರು ನೂರು ವರ್ಷದ ಹಿಂದೆ ಎಡ್ಮಂಡ್ ಜೇಕಬ್ಸನ್ ಅನ್ನುವ ಅಮೆರಿಕದ ವೈದ್ಯರು ಒಂದು ಕ್ರಮ ಕಂಡುಹಿಡಿದರು. ಒಂದೊಂದೇ ಸ್ನಾಯುವನ್ನು ಮೊದಲು ಬಿಗಿ ಮಾಡಿ ಆಮೇಲೆ ಬಿಡುವುದು. ಬಿಗಿ ಅಂದರೆ ಏನು ಅಂತ ಮೈಗೆ ಗೊತ್ತಾದರೆ ಸಡಿಲ ಅಂದರೆ ಏನು ಅಂತಲೂ ಗೊತ್ತಾಗುತ್ತದೆ. ನನ್ನ ಮಗನಿಗೆ ಇದನ್ನು ಮಾಡಿಸುವುದು ಹೀಗೆ: ಒದ್ದೆ ಬಟ್ಟೆ ಹಿಂಡಿದ ಹಾಗೆ ಮುಷ್ಟಿ ಬಿಗಿ, ಐದು ಎಣಿಕೆ, ಬಿಡು. ಆಮೆ ತಲೆ ಒಳಗೆಳೆದುಕೊಂಡ ಹಾಗೆ ಭುಜ ಮೇಲೆ, ಬಿಡು. ಕೆಸರಿನಲ್ಲಿ ಕಾಲ್ಬೆರಳು ಊರಿದ ಹಾಗೆ, ಬಿಡು. ನಾನೂ ಜೊತೆಗೆ ಮಾಡುತ್ತೇನೆ, ಅವನು ನೋಡಿ ಮಾಡುತ್ತಾನೆ. ಉಸಿರಿಗೆ ಸೋಪಿನ ಗುಳ್ಳೆ ಊದಿಸುವುದು ಸುಲಭ. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ, ದೊಡ್ಡ ಗುಳ್ಳೆ ಬೇಕು ಅಂದರೆ ಮೆಲ್ಲಗೆ, ಉದ್ದಕ್ಕೆ ಊದಲೇಬೇಕು. ಇದನ್ನು ಸ್ನಾನದ ಹೊತ್ತಿಗೇ ಮುಗಿಸಿ, ಹಾಸಿಗೆಯಲ್ಲಿ ಬೇಡ, ಗುಳ್ಳೆ ಹಿಡಿಯಲು ಓಡುತ್ತಾರೆ. ಮುಟ್ಟುವುದಾದರೆ ಗಟ್ಟಿಯಾಗಿ, ನಿಧಾನವಾಗಿ ಒತ್ತಿ. ಮೆಲ್ಲಗೆ ಸವರಿದರೆ ಅನೇಕ ಮಕ್ಕಳಿಗೆ ಕಚಗುಳಿ, ಕಿರಿಕಿರಿ. ಕೆಲವರಿಗೆ ಮುಟ್ಟುವುದೇ ಬೇಡ, ಅದೂ ಸರಿ.

ಭಾರದ ಹೊದಿಕೆ, ಅಂದರೆ ಒಳಗೆ ತೂಕ ತುಂಬಿ ಹೊಲಿದ ಹೊದಿಕೆ, ತಗೊಳ್ಳಲಾ ಅಂತಲೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಆಟಿಸಂ ಇರುವ 67 ಮಕ್ಕಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಬಂತು. ಆ ಹೊದಿಕೆಯಿಂದ ನಿದ್ದೆಯ ಹೊತ್ತೇನೂ ಹೆಚ್ಚಾಗಲಿಲ್ಲ, ಆದರೆ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಅದು ಇಷ್ಟವಾಯಿತು. ಮಗು ತಾನೇ ತೆಗೆದು ಪಕ್ಕಕ್ಕೆ ಹಾಕುವಷ್ಟು ಶಕ್ತಿ ಇದ್ದರೆ, ಒಟಿಯವರನ್ನು (ಆಕ್ಯುಪೇಷನಲ್ ಥೆರಪಿಸ್ಟ್) ಕೇಳಿ, ಬಳಸಿ. ಪುಟ್ಟ ಮಕ್ಕಳಿಗೆ ಬೇಡ.

ಸಂಗೀತದಿಂದ ಆಟಿಸಂ ಗುಣವಾಗುತ್ತದೆ ಅಂತ ಹೇಳಿ ದುಡ್ಡು ಕೇಳುವವರನ್ನು ಮಾತ್ರ ನಂಬಬೇಡಿ. ಒಂಬತ್ತು ದೇಶಗಳ 364 ಮಕ್ಕಳ ಮೇಲೆ ಮ್ಯೂಸಿಕ್ ಥೆರಪಿಯ ದೊಡ್ಡ ಅಧ್ಯಯನ ನಡೆದು 2017ರಲ್ಲಿ ಫಲಿತಾಂಶ ಬಂತು, ಐದು ತಿಂಗಳ ಥೆರಪಿಯ ನಂತರ ಆಟಿಸಂನ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿದ್ದೆ ಬಾರದ ದೊಡ್ಡವರಿಗೆ ಸಂಗೀತದಿಂದ ಒಳ್ಳೆಯ ನಿದ್ದೆ ಬರುತ್ತದೆ ಅನ್ನುವುದಕ್ಕೆ ಆಧಾರ ಚೆನ್ನಾಗಿದೆ, ನಮ್ಮ ಮಕ್ಕಳ ಬಗ್ಗೆ ನಡೆದ ಅಧ್ಯಯನಗಳು ಇನ್ನೂ ಚಿಕ್ಕವು. ನಾನು ಬಳಸುವುದು ಮೆಲ್ಲಗೆ ಹಾಕಿದ ಶಬ್ದದಿಂದ ಕೆಡುಕಿಲ್ಲ, ನನ್ನ ಮಗನಿಗೆ ಅದು ಬೇಕು ಅನ್ನುವ ಕಾರಣಕ್ಕೆ.

ಎಷ್ಟು ದಿನ ಬೇಕು? ನಮಗೆ ಸುಮಾರು ಮೂರು ವಾರ. ಅದಕ್ಕೂ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ್ದು, ಎದ್ದದ್ದು ಬರೆದಿಟ್ಟಿದ್ದೆ. ಎಂಟೂವರೆಗೆ ಹಾಸಿಗೆಗೆ ಕರೆದುಕೊಂಡು ಹೋಗುತ್ತಿದ್ದೆವು, ಅವನು ನಿಜವಾಗಿ ನಿದ್ದೆ ಹೋಗುತ್ತಿದ್ದದ್ದು ಹತ್ತೂವರೆಗೆ. ಆ ಎರಡು ಗಂಟೆ ಮನೆಯೆಲ್ಲ ಜಗಳ, ಅಳು. ಥೆರಪಿಸ್ಟ್ ಹೇಳಿದ ಹಾಗೆ ಹಾಸಿಗೆಯ ಹೊತ್ತನ್ನೇ ಹತ್ತೂಕಾಲಿಗೆ ಮಾಡಿ, ಸಲೀಸಾಗಿ ಮಲಗಲು ಶುರುಮಾಡಿದ ಮೇಲೆ ಕೆಲವು ದಿನಕ್ಕೊಮ್ಮೆ ಹದಿನೈದು ನಿಮಿಷ ಬೇಗ ಮಾಡುತ್ತಾ ಬಂದೆವು. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಒಂದೇ, ರಜೆಯ ದಿನವೂ. ಇದನ್ನು ಮಾಡದೆ ಬರೀ ಹಾಡು ಹಾಕಿದ್ದರೆ ಏನೂ ಆಗುತ್ತಿರಲಿಲ್ಲ ಅಂತ ನನಗನಿಸುತ್ತದೆ.

ನಾವು ಹಾಕುವುದು ಏನು ಅಂತ ಇನ್ನೂ ಹೇಳಲಿಲ್ಲ. ಅದು ನಾನೇ ಬಾಯಿ ಮುಚ್ಚಿ ಗುನುಗಿದ್ದು, ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಏಳನೇ ನಿಮಿಷದ ಹತ್ತಿರ ನಾನು ಒಮ್ಮೆ ಕೆಮ್ಮಿದ್ದೇನೆ. ಅದು ಸರಿಯಿಲ್ಲ ಅನಿಸಿ, ಕೆಮ್ಮು ಇಲ್ಲದ ಹಾಗೆ ಹೊಸದಾಗಿ ಗುನುಗಿ ಒಂದು ರಾತ್ರಿ ಹಾಕಿದೆ. ಏಳನೇ ನಿಮಿಷಕ್ಕೆ ಮಗ ಎದ್ದು ಕೂತ. ನನ್ನ ಗಂಟಲು ಮುಟ್ಟಿ ತೋರಿಸಿದ, ಮತ್ತೆ ಸ್ಪೀಕರ್ ಕಡೆ ತೋರಿಸಿದ. ಹಳೆಯದನ್ನೇ ಹಾಕಿದೆ. ಕೆಮ್ಮು ಬರುವವರೆಗೂ ಕಣ್ಣು ಬಿಟ್ಟುಕೊಂಡಿದ್ದು, ಅದು ಬಂದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.