ಮೂರೂವರೆ ವಾಟ್‌ಗೆ ಯಾವ ಸ್ಪೀಕರ್?

ಭಾನುವಾರ, 16 ನವೆಂಬರ್ 2025
ಮೈಸೂರು

ಅಕ್ಕನ ಮಗ ಬೆಳಿಗ್ಗೆ ತನ್ನ ಟವರ್ ಸ್ಪೀಕರ್ ಜೋಡಿಯನ್ನು ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಬಂದ. ನನ್ನ ಟ್ಯೂಬ್ ಆಂಪ್‌ಗೆ ಹಾಕಿ ಕೇಳಬೇಕು ಅನ್ನೋದು ಅವನ ಬಹಳ ದಿನದ ಆಸೆ. ಈ ಆಂಪ್ ನಾನೇ ಕಟ್ಟಿದ್ದು. ಒಂದೊಂದು ಚಾನೆಲ್‌ಗೆ ಒಂದೇ ಒಂದು 2ಎ3 ವಾಲ್ವ್ (ಟ್ಯೂಬ್ ಅಂದರೂ ಅದೇ). 1930ರ ದಶಕದಲ್ಲಿ ಅಮೆರಿಕದಲ್ಲಿ ಬಂದ ವಾಲ್ವ್ ಅದು. ಪ್ಲೇಟಿಗೆ 250 ವೋಲ್ಟ್, 60 ಮಿಲಿಆಂಪ್ ಕೊಟ್ಟರೆ ಸಿಗುವುದು 3.5 ವಾಟ್, ಅಷ್ಟೇ.

ಕಾಫಿ ಕುಡಿಯುತ್ತಲೇ ಕೇಳಿದ: "ಮಾಮ, ನಿಮ್ಮ ಬುಕ್‌ಶೆಲ್ಫ್ ಸ್ಪೀಕರ್ 88 ಡಿಬಿ, ನಂದು 90. ನಂದೇ ಜೋರಾಗಿ ಕೇಳ್ಬೇಕು ಅಲ್ವಾ?"

ಅವನ ಪ್ರಶ್ನೆ ಸರಿಯಾದದ್ದೇ. ಟ್ಯೂಬ್ ಆಂಪ್ ತಗೊಂಡವರೆಲ್ಲ ಮೊದಲು ನೋಡುವುದು ಈ ಡಿಬಿಯನ್ನೇ, ಅಂದರೆ ಸ್ಪೀಕರ್‌ನ ಸೆನ್ಸಿಟಿವಿಟಿ: ಇಷ್ಟು ಸಿಗ್ನಲ್ ಕೊಟ್ಟರೆ ಎಷ್ಟು ಡೆಸಿಬೆಲ್ ಜೋರಾಗಿ ಕೇಳುತ್ತದೆ ಅನ್ನೋದು. ನೋಡಲೂಬೇಕು. 3 ಡಿಬಿ ಜಾಸ್ತಿ ಬೇಕು ಅಂದರೆ ಆಂಪ್‌ನ ಪವರ್ ಎರಡರಷ್ಟಾಗಬೇಕು. 10 ಡಿಬಿಗೆ ಹತ್ತರಷ್ಟು. 100 ವಾಟ್ ಇರುವವರಿಗೆ ಒಂದೆರಡು ಡಿಬಿ ಲೆಕ್ಕಕ್ಕಿಲ್ಲ. 3.5 ವಾಟ್ ಇರುವವರಿಗೆ ಅದೇ ಆಸ್ತಿ.

ಹಾಕಿದೆವು. ಮೊದಲು ದೊರೆಸ್ವಾಮಿ ಅಯ್ಯಂಗಾರರ ವೀಣೆ, ಆಮೇಲೆ ಮಲ್ಲಿಕಾರ್ಜುನ ಮನಸೂರರ ಗಾಯನ. ಟವರ್‌ನಲ್ಲಿ ಮನಸೂರರ ದನಿಗೆ ಎದೆಯೇ ಇಲ್ಲ. ಮೇಲಿನ ಸ್ವರಗಳು ಮೂಗಿನಿಂದ ಬಂದ ಹಾಗೆ ಕೇಳುತ್ತವೆ. ವೀಣೆಯ ಜೊತೆಗಿನ ಮೃದಂಗದ ಪೆಟ್ಟು ಬೀಳುವ ಜಾಗದಲ್ಲಿ ಬೀಳುತ್ತದೆ, ಆದರೆ ಚಪ್ಪಟೆ. ಹುಡುಗನ ಮುಖ ಸಪ್ಪಗಾಯಿತು. ಹಾಗಂತ ಸ್ಪೀಕರ್ ಕೆಟ್ಟದ್ದಲ್ಲ, ಅವನ ಮನೆಯಲ್ಲಿ ನಾನೇ ಕೇಳಿದ್ದೇನೆ, ಸೊಗಸಾಗಿದೆ.

ಸರಿ, ಸ್ಪೀಕರ್‌ನ ಇಂಪೀಡೆನ್ಸ್, ಅಂದರೆ ಒಂದೊಂದು ಫ್ರೀಕ್ವೆನ್ಸಿಯಲ್ಲಿ ಅದು ಕರೆಂಟಿಗೆ ಒಡ್ಡುವ ತಡೆ ಎಷ್ಟು ಓಮ್ ಅಂತ ಅಳೆದೇ ಬಿಡೋಣ ಅಂತ ಕೂತೆವು. ದೊಡ್ಡ ಉಪಕರಣ ಏನೂ ಬೇಡ. ಲ್ಯಾಪ್‌ಟಾಪ್‌ನಿಂದ ಒಂದೊಂದೇ ಫ್ರೀಕ್ವೆನ್ಸಿಯ ಟೋನ್ ಕೊಡಬೇಕು. ಅದನ್ನು ಒಂದು ಮಾಮೂಲಿ ಟ್ರಾನ್ಸಿಸ್ಟರ್ ಆಂಪ್‌ಗೆ ಹಾಕಿ, ಔಟ್‌ಪುಟ್ 10 ವೋಲ್ಟ್‌ಗೆ ತರಬೇಕು. ಆಂಪ್‌ಗೂ ಸ್ಪೀಕರ್‌ಗೂ ಮಧ್ಯೆ 1000 ಓಮ್‌ನ ಒಂದು ರೆಸಿಸ್ಟರ್. ಮೊದಲು ಸ್ಪೀಕರ್ ಜಾಗದಲ್ಲಿ 10 ಓಮ್‌ನ ರೆಸಿಸ್ಟರ್ ಇಟ್ಟು, ಅದರ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು, ಮೀಟರ್ 100 ಮಿಲಿವೋಲ್ಟ್ ತೋರಿಸುವ ಹಾಗೆ ವಾಲ್ಯೂಮ್ ಹೊಂದಿಸಿಕೊಳ್ಳಬೇಕು. ಈಗ 10 ಓಮ್‌ನ ರೆಸಿಸ್ಟರ್ ತೆಗೆದು ಅಲ್ಲಿ ಸ್ಪೀಕರ್ ಹಾಕಿ, ಮೀಟರ್‌ನ ಮಿಲಿವೋಲ್ಟನ್ನು ಹತ್ತರಿಂದ ಭಾಗಿಸಿದರೆ ಆಯಿತು, ಓಮ್ ಸಿಕ್ಕಿತು. ಅಗ್ಗದ ಮೀಟರ್‌ಗಳು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ತಪ್ಪು ತೋರಿಸುತ್ತವೆ. ಅದಕ್ಕೇ ಪ್ರತಿ ಫ್ರೀಕ್ವೆನ್ಸಿಗೂ 10 ಓಮ್ ಇಟ್ಟು ಒಮ್ಮೆ ಹೊಂದಿಸಿಕೊಂಡರೆ ಒಳ್ಳೆಯದು. ಹುಡುಗ ಓದುತ್ತಾ ಹೋದ, ನಾನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಹೋದೆ.

ಟವರ್‌ನ ಗುಟ್ಟು ಹೊರಬಿತ್ತು. 150 ಹರ್ಟ್ಜ್ ಹತ್ತಿರ ಇಂಪೀಡೆನ್ಸ್ 3.2 ಓಮ್‌ಗೆ ಬೀಳುತ್ತದೆ. ಕ್ರಾಸ್‌ಓವರ್ ಇರುವ ಜಾಗದಲ್ಲಿ, ಅಂದರೆ ಪೆಟ್ಟಿಗೆಯೊಳಗಿನ ದೊಡ್ಡ ಸ್ಪೀಕರ್‌ನಿಂದ ಚಿಕ್ಕದಕ್ಕೆ ದನಿ ದಾಟುವ ಫ್ರೀಕ್ವೆನ್ಸಿಯಲ್ಲಿ, 24ಕ್ಕೆ ಏರುತ್ತದೆ. ನನ್ನ ಬುಕ್‌ಶೆಲ್ಫ್ ಎಲ್ಲಿಯೂ 6.5ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಇದು ಯಾಕೆ ಮುಖ್ಯ? ಎರಡು ಕಾರಣ. ಒಂದು, 2ಎ3 ತರಹದ ಆಂಪ್‌ಗೆ ತನ್ನದೇ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ವಾಪಸ್ ಇನ್‌ಪುಟ್‌ಗೆ ಕೊಡುವುದು) ಇಲ್ಲದ ನನ್ನ ಆಂಪ್‌ನದು 8 ಓಮ್ ಟ್ಯಾಪ್‌ನಲ್ಲಿ, ಅಂದರೆ 8 ಓಮ್ ಸ್ಪೀಕರ್‌ಗೆಂದು ಇರುವ ಔಟ್‌ಪುಟ್‌ನಲ್ಲಿ, ಸುಮಾರು 3 ಓಮ್. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಇದು ಹೆಚ್ಚುಕಡಿಮೆ ಸೊನ್ನೆ. 3 ಓಮ್ ಇದ್ದಾಗ ವೋಲ್ಟೇಜ್ ಆಂಪ್ ಮತ್ತು ಸ್ಪೀಕರ್ ನಡುವೆ ಹಂಚಿಹೋಗುತ್ತದೆ. ಸ್ಪೀಕರ್ 3.2 ಓಮ್ ಇರುವಲ್ಲಿ ಅರ್ಧಕ್ಕರ್ಧ ಆಂಪ್ ಒಳಗೇ ಕಳೆದುಹೋಗುತ್ತದೆ. 24 ಇರುವಲ್ಲಿ ಪೂರ್ತಿ ಸ್ಪೀಕರ್‌ಗೇ ಸಿಕ್ಕಂತೆ. ಲೆಕ್ಕ ಹಾಕಿದರೆ ಈ ಎರಡು ಜಾಗದ ನಡುವೆ 4.7 ಡಿಬಿ ವ್ಯತ್ಯಾಸ. ಮನಸೂರರ ಎದೆಯ ದನಿ ಹೋಗಿದ್ದು ಅಲ್ಲೇ.

ಎರಡನೆಯದು, ಆ 90 ಡಿಬಿ ಅನ್ನೋ ಅಂಕಿ. ಅದನ್ನು ಅಳೆಯುವುದು 2.83 ವೋಲ್ಟ್ ಕೊಟ್ಟು, 1 ಮೀಟರ್ ದೂರದಲ್ಲಿ. 8 ಓಮ್‌ಗೆ 2.83 ವೋಲ್ಟ್ ಅಂದರೆ 1 ವಾಟ್. 4 ಓಮ್‌ಗೆ ಅದೇ 2.83 ವೋಲ್ಟ್ 2 ವಾಟ್ ಆಗುತ್ತದೆ! ಅಂದರೆ ಅವನ ಟವರ್‌ನಂಥ 4 ಓಮ್‌ನ ಸ್ಪೀಕರ್‌ನಲ್ಲಿ ಆ 90ರೊಳಗೆ 3 ಡಿಬಿ ಆಂಪ್‌ನ ಜೇಬಿನಿಂದ ಬಂದದ್ದು. ಪಟ್ಟಿಯಲ್ಲಿ ಇದನ್ನು ಯಾರೂ ದಪ್ಪಕ್ಷರದಲ್ಲಿ ಹಾಕುವುದಿಲ್ಲ. ಹಾಕಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಆಂಪ್ ಆಫ್ ಮಾಡಿ ವೈರನ್ನು 4 ಓಮ್ ಟ್ಯಾಪ್‌ಗೆ ಬದಲಿಸಿದೆವು. (ಟ್ಯೂಬ್ ಆಂಪ್ ಆನ್ ಇರುವಾಗ ಸ್ಪೀಕರ್ ವೈರ್ ಬಿಚ್ಚಲೇಬೇಡಿ. ಲೋಡ್ ಇಲ್ಲದೆ ಸಿಗ್ನಲ್ ಬಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.) ಈಗ ದನಿಗೆ ಮೈ ಬಂತು. ಔಟ್‌ಪುಟ್ ಇಂಪೀಡೆನ್ಸ್ ಅರ್ಧವಾಯಿತಲ್ಲ, ಏರಿಳಿತ 2.8 ಡಿಬಿಗೆ ಇಳಿಯಿತು. ವಾಲ್ವ್‌ಗೂ ನೆಮ್ಮದಿ. ಅದಕ್ಕೆ ಬೇಕಾದ ಲೋಡ್ 2500 ಓಮ್. 8ರ ಟ್ಯಾಪ್‌ಗೆ 3.2 ಓಮ್ ನೇತುಹಾಕಿದರೆ ಅದಕ್ಕೆ ಕಾಣುವುದು ಬರೀ 1000.

ಆದರೆ ಜೋರು ಕಡಿಮೆಯಾಯಿತು. 3.5 ವಾಟ್‌ನಲ್ಲಿ 8ರ ಟ್ಯಾಪ್ 5.3 ವೋಲ್ಟ್ ಕೊಡುತ್ತದೆ, 4ರದು 3.7 ಮಾತ್ರ. ಹಾಳೆಯ ಮೂಲೆಯಲ್ಲಿ ಇಬ್ಬರೂ ಕೂಡಿಸಿದೆವು. 1 ಮೀಟರ್‌ನಲ್ಲಿ ನನ್ನ 88ರ ಸ್ಪೀಕರ್ 93.4 ಡಿಬಿವರೆಗೆ ಹೋಗುತ್ತದೆ. ಅವನ 90ರದು 92.4ಕ್ಕೇ ನಿಲ್ಲುತ್ತದೆ. ಹುಡುಗ ಮತ್ತೆ ಮೊದಲಿನಿಂದ ಕೂಡಿಸಿ ನೋಡಿದ. ಅದೇ ಬಂತು.

93 ಡಿಬಿ ಸಾಕಾ? ಇದು ಒಂದು ಸ್ಪೀಕರ್‌ನ ಲೆಕ್ಕ. ಜೋಡಿಯಾದರೆ ಸುಮಾರು 3 ಸೇರುತ್ತದೆ. 2 ಮೀಟರ್ ದೂರ ಕೂತರೆ ಒಂದಷ್ಟು ಹೋಗುತ್ತದೆ. ಬಯಲಲ್ಲಿ ಆದರೆ 6 ಹೋಗಬೇಕು, ಕೋಣೆಯೊಳಗೆ ಗೋಡೆಗಳು ವಾಪಸ್ ಕೊಡುವುದರಿಂದ ಅಷ್ಟು ಹೋಗುವುದಿಲ್ಲ. ಮನೆಯಲ್ಲಿ ನಾವು ಕೇಳುವುದು 75 ಡಿಬಿ ಆಸುಪಾಸು. ಮೃದಂಗದ ಪೆಟ್ಟು ಅದಕ್ಕಿಂತ 15 ಮೇಲೆ ಹೋಗಲಿ, 90. ನನ್ನ ಚಿಕ್ಕ ಕೋಣೆಗೆ ಸರಿಹೋಗುತ್ತದೆ. ದೊಡ್ಡ ಹಾಲ್‌ಗೆ, ಸಿಂಫನಿಗೆ, ರಾಕ್‌ಗೆ ಸಾಲದು.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 300ಬಿ ವಾಲ್ವ್ ಒಂಟಿಯಾಗಿ ಕೊಡುವುದೇ 8 ವಾಟ್. ಆಗಿನ ಸಿನಿಮಾ ಹಾಲ್‌ಗಳಲ್ಲಿ ಹಾರ್ನ್ ಸ್ಪೀಕರ್‌ಗಳಿದ್ದವು, ಕೆಲವೇ ವಾಟ್‌ಗೆ ಹಾಲ್ ತುಂಬುತ್ತಿತ್ತು. ನಮ್ಮ ಕಡೆಯ ವಾಲ್ವ್ ರೇಡಿಯೋಗಳೂ ಹಾಗೇ. ಜಾಲಹಳ್ಳಿಯ ಬಿಇಎಲ್ ವಾಲ್ವ್ ಮಾಡುತ್ತಿದ್ದ ಕಾಲದಲ್ಲಿ ಮೂರು ನಾಲ್ಕು ವಾಟ್, ಹಗುರ ಕಾಗದದ ಕೋನ್, ಬೀದಿಗೆಲ್ಲ ವಾರ್ತೆ ಕೇಳುತ್ತಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಗಾಳಿಯಾಡದ ಚಿಕ್ಕ ಪೆಟ್ಟಿಗೆಯಲ್ಲಿ ಆಳದ ಬಾಸ್ ಕೊಡುವ ಸ್ಪೀಕರ್ ತಂದರು. ಅದ್ಭುತ ಕೆಲಸ. ಆದರೆ ಅದು ವಾಟ್ ತಿನ್ನುತ್ತಿತ್ತು. ಚಿಕ್ಕ ಪೆಟ್ಟಿಗೆ, ಆಳದ ಬಾಸ್, ಹೆಚ್ಚು ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಹಾಫ್‌ಮನ್‌ನ ಕಬ್ಬಿಣದ ನಿಯಮ ಅಂತಾರೆ ಇದಕ್ಕೆ. ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾದ ಮೇಲೆ ಎಲ್ಲರೂ ಮೊದಲಿನ ಎರಡನ್ನೇ ಆರಿಸಿಕೊಂಡರು.

ಮಧ್ಯಾಹ್ನ ಊಟವಾದ ಮೇಲೆ ಅವನು ಕೇಳಿದ, "ಹಾಗಾದ್ರೆ ನಾನು ಏನು ಹುಡುಕಲಿ ಮಾಮ?" ಇಂಪೀಡೆನ್ಸ್ 8 ಓಮ್ ಅಥವಾ ಅದಕ್ಕಿಂತ ಮೇಲೆ, ಎಲ್ಲಿಯೂ 6ಕ್ಕಿಂತ ಕೆಳಗೆ ಹೋಗಬಾರದು. ಅದು ಗಟ್ಟಿಯಾದ ಮೇಲೆ ಡಿಬಿ, 92 ಇದ್ದರೆ ಬಹಳ ಸಂತೋಷ. ಪೆಟ್ಟಿಗೆ ದೊಡ್ಡದಾಗುತ್ತದೆ, ಮನೆಯವರನ್ನು ಒಪ್ಪಿಸಿಕೋ ಅಂದೆ.

ಟವರ್ ಅವನ ಮನೆಯ ಟ್ರಾನ್ಸಿಸ್ಟರ್ ಆಂಪ್‌ಗೇ ವಾಪಸ್ ಹೋಯಿತು. ಅದರ ಜೋಡಿ ಅದೇ. ಬೆಂಗಳೂರಲ್ಲಿ ಯಾರೋ 12 ಇಂಚಿನ ವೂಫರ್ ಇರುವ ಹಳೆಯ ಜೋಡಿ ಮಾರುತ್ತಿದ್ದಾರಂತೆ, ಶನಿವಾರ ನೋಡಲು ಹೋಗುತ್ತಾನೆ. ಮಲ್ಟಿಮೀಟರ್, ಎರಡೂ ರೆಸಿಸ್ಟರ್, ಒಂದು ಪುಟ್ಟ ಆಂಪ್ ಬ್ಯಾಗಿಗೆ ಹಾಕಿ ಕಳಿಸಿದ್ದೇನೆ.