ಆಮ್‌ಸ್ಟರ್‌ಡಾಮಿನಲ್ಲಿ ಸೈಕಲ್ ಹತ್ತುವ ಮುನ್ನ

ಬಾಡಿಗೆ ಅಂಗಡಿಯಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಬ್ರೇಕು. ಆಮ್‌ಸ್ಟರ್‌ಡಾಮಿನಲ್ಲಿ ಅಗ್ಗಕ್ಕೆ ಸಿಗುವ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಕೈ ಬ್ರೇಕೇ ಇರುವುದಿಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ಊರಲ್ಲಿ ಸೈಕಲ್ ಕಲಿತವರ ಬೆರಳು ಗಾಬರಿಯಾದಾಗ ಹ್ಯಾಂಡಲಿನ ಬ್ರೇಕು ಹುಡುಕುತ್ತದೆ, ಅದು ಸಿಗದ ಆ ಒಂದು ಕ್ಷಣದಲ್ಲೇ ಡಿಕ್ಕಿಯಾಗುವುದು. ಸ್ವಲ್ಪ ಹೆಚ್ಚು ಬಾಡಿಗೆಯಾದರೂ ಕೈ ಬ್ರೇಕು, ಮೂರು ಗೇರು ಇರುವುದನ್ನೇ ಕೇಳಿ.

ಕಾಲು ಬ್ರೇಕಿನದೇ ಸಿಕ್ಕರೆ ಇನ್ನೊಂದು ಸಂಗತಿ. ಅದರ ಪೆಡಲನ್ನು ಹಿಂದಕ್ಕೆ ತಿರುಗಿಸಿ ಬೇಕಾದ ಎತ್ತರಕ್ಕೆ ತರಲು ಆಗುವುದಿಲ್ಲ. ಸಿಗ್ನಲ್ಲಿನಲ್ಲಿ ನಿಲ್ಲುವಾಗಲೇ ಬಲ ಪೆಡಲ್ ಮೇಲಕ್ಕೆ ಬಂದಿರುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ಹಿಂದಿನ ಚಕ್ರವನ್ನು ಒಂದಿಷ್ಟು ಎತ್ತಿ, ಪೆಡಲನ್ನು ಮುಂದಕ್ಕೆ ತಿರುಗಿಸಿಕೊಳ್ಳಿ. ಚೈನು ಕಳಚಿದರೆ ಈ ಬ್ರೇಕೂ ಹೋದಂತೆ, ಆದ್ದರಿಂದ ಹೊರಡುವ ಮೊದಲು ಚೈನು ಜೋಲುತ್ತಿದೆಯೇ ನೋಡಿ.

ಡಚ್ಚರು ಎತ್ತರದ ಜನ, ಸೈಕಲ್ಲೂ ಹಾಗೇ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ತುದಿ ನೆಲ ಮುಟ್ಟಲೇಬೇಕು. ದುಪಟ್ಟಾ, ಉದ್ದ ಕುರ್ತಾ ಹಾಕುವವರು ಹಿಂದಿನ ಚಕ್ರಕ್ಕೆ ಬಟ್ಟೆ ಸಿಗದ ಹಾಗೆ ಮುಚ್ಚಳವಿರುವುದನ್ನು ಆರಿಸಿ. ಕಳ್ಳತನದ ವಿಮೆ ಕೊಟ್ಟರೆ ಬೇಡವೆನ್ನಬೇಡಿ.

ಬೀಗ ಎರಡು. ಹಿಂದಿನ ಚಕ್ರಕ್ಕೆ ಕೂಡಿಸಿದ ಬಳೆಯಂಥ ಬೀಗದ ಕೀ, ಬೀಗ ತೆರೆದಿರುವಷ್ಟು ಹೊತ್ತೂ ಅದರಲ್ಲೇ ಇರುತ್ತದೆ. ಹಾಕಿದ ಮೇಲೇ ಹೊರಬರುತ್ತದೆ. ಅದೊಂದೇ ಸಾಲದು, ಸೈಕಲ್ಲನ್ನೇ ಎತ್ತಿಕೊಂಡು ಹೋಗುತ್ತಾರೆ. ಸರಪಳಿಯನ್ನು ಮುಂದಿನ ಚಕ್ರ ಮತ್ತು ಫ್ರೇಮಿನ ಮೂಲಕ ಹಾಯಿಸಿ ಕಂಬಿಗೋ ಸ್ಟ್ಯಾಂಡಿಗೋ ಬಿಗಿಯಿರಿ. ನಿಲ್ಲಿಸಿದ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ, ನೂರಾರು ಕಪ್ಪು ಸೈಕಲ್ಲುಗಳ ನಡುವೆ ನಿಮ್ಮದು ಗುರುತು ಸಿಗುವುದಿಲ್ಲ. ಸೆಂಟ್ರಲ್ ಸ್ಟೇಷನ್ನಿನ ಸುತ್ತ ಎಲ್ಲೆಂದರಲ್ಲಿ ನಿಲ್ಲಿಸಿದರೆ ನಗರಪಾಲಿಕೆಯವರು ಎತ್ತಿಕೊಂಡು ಹೋಗುತ್ತಾರೆ. ಸ್ಟೇಷನ್ನಿನ ಎದುರು ನೀರಿನ ಕೆಳಗೆ 2023ರಲ್ಲಿ ತೆರೆದ ನಿಲ್ದಾಣದಲ್ಲಿ ಸುಮಾರು 7,000 ಸೈಕಲ್ಲುಗಳಿಗೆ ಜಾಗವಿದೆ; ಮೊದಲ 24 ಗಂಟೆ ಉಚಿತ.

ಇಲ್ಲಿ ಸಂಚಾರ ಬಲಗಡೆ. ರಸ್ತೆಗೆ ಇಳಿಯುವಾಗ ಮೊದಲು ಎಡಕ್ಕೆ ನೋಡಬೇಕು, ನಮ್ಮ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಕೆಂಪು ಡಾಂಬರು, ನೀಲಿ ದುಂಡು ಫಲಕದಲ್ಲಿ ಬಿಳಿ ಸೈಕಲ್ ಕಂಡರೆ ಅದು ನಿಮ್ಮ ದಾರಿ. ನೆಲದ ಮೇಲಿನ ಬಿಳಿ ತ್ರಿಕೋನಗಳ ಚೂಪು ನಿಮ್ಮ ಕಡೆಗಿದ್ದರೆ ಅಡ್ಡ ಬರುವವರಿಗೆ ದಾರಿ ಬಿಡಬೇಕು. ಟ್ರಾಮಿಗಂತೂ ಯಾವಾಗಲೂ ಬಿಡಿ. ಅದರ ಹಳಿ ಇನ್ನೂ ಅಪಾಯ: ಹಳಿಯ ಪಕ್ಕದ ಸಂದಿಯೊಳಗೆ ಮುಂದಿನ ಚಕ್ರ ಇಳಿದರೆ ಹ್ಯಾಂಡಲ್ ತಿರುಗುವುದಿಲ್ಲ, ನೇರ ನೆಲಕ್ಕೆ. ಆದಷ್ಟು ಅಡ್ಡವಾಗಿ, ಲಂಬವಾಗಿ ದಾಟಿ. ಮಳೆಯಲ್ಲಿ ಹಳಿಯ ಮೇಲೆ ಬ್ರೇಕು ಹಾಕಬೇಡಿ. ಎಡಕ್ಕೆ ತಿರುಗುವುದು ಕಷ್ಟವೆನಿಸಿದರೆ ಮೊದಲು ನೇರ ದಾಟಿ, ಆಚೆ ಬದಿಯಲ್ಲಿ ನಿಂತು, ಆಮೇಲೆ ತಿರುಗಿ. ಮ್ಯಾಪ್ ನೋಡಲು ಪಥದ ಮಧ್ಯೆ ನಿಲ್ಲುವುದು ಪ್ರವಾಸಿಗರು ಮಾಡುವ ದೊಡ್ಡ ತಪ್ಪು, ಹಿಂದಿನವರು ವೇಗದಲ್ಲಿ ಬರುತ್ತಿರುತ್ತಾರೆ. ಸವಾರಿಯಲ್ಲಿ ಫೋನು ಕೈಯಲ್ಲಿ ಹಿಡಿಯುವುದಕ್ಕೆ 2019ರ ಜುಲೈನಿಂದ ದಂಡವಿದೆ. ಕತ್ತಲಾದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ.

ಹಳೆಯ ಕಾಲುವೆಗಳ ಬಡಾವಣೆಯನ್ನು ಕಾಲ್ನಡಿಗೆಗೆ ಬಿಡಿ ಎಂಬುದೇ ನಮ್ಮ ಖಚಿತ ಸಲಹೆ. ಅಲ್ಲಿ ಕಮಾನು ಸೇತುವೆ, ಸಾಮಾನು ಇಳಿಸುವ ವ್ಯಾನು, ಜನಜಂಗುಳಿ. ನೋಡುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಆಗುತ್ತದೆ. ಸೈಕಲ್ಲಿಗೆ ಹೇಳಿ ಮಾಡಿಸಿದ್ದು ಊರಾಚೆ. ಸೆಂಟ್ರಲ್ ಸ್ಟೇಷನ್ನಿನ ಹಿಂದಿನಿಂದ ಬೌಕ್ಸ್‌ಲೋಟರ್‌ವೇಖ್‌ಗೆ ಹೋಗುವ ಫೆರಿ ಹತ್ತಿ. ಅದು ಪುಕ್ಕಟೆ, ಸೈಕಲ್ಲಿಗೂ ಟಿಕೆಟ್ ಇಲ್ಲ, ಕೆಲವೇ ನಿಮಿಷದ ದಾರಿ. ಅಲ್ಲಿಂದ ದಂಡೆಯ ಮೇಲಿನ ಮರದ ಮನೆಗಳ ದುರ್ಗರ್‌ಡಾಮ್, ಮೊಂಡು ಗೋಪುರದ ರಾನ್ಸ್‌ಡಾರ್ಪ್, ಹುಲ್ಲುಗಾವಲುಗಳ ನಡುವೆ ಹೋಲಿಸ್ಲೋಟ್. ಅರ್ಧ ದಿನ ಸಾಕು.

ಈ ಭಾಗದಲ್ಲಿ ಏರು ಇಲ್ಲ, ಬದಲಿಗೆ ಗಾಳಿ ಇದೆ. ಹೆಚ್ಚಾಗಿ ಬೀಸುವುದು ನೈಋತ್ಯದಿಂದ. ದುರ್ಗರ್‌ಡಾಮಿನ ಕಡೆ ಹೋಗುವಾಗ ಬೆನ್ನಿಗೆ ಗಾಳಿ, ಸೈಕಲ್ ತಾನೇ ಓಡುತ್ತದೆ. ಮರಳುವಾಗ ಎದೆಗೆ ಹೊಡೆಯುತ್ತದೆ, ದುಪ್ಪಟ್ಟು ಹೊತ್ತು ಬೇಕಾದೀತು. ಗಾಳಿ ಜೋರಿದ್ದ ದಿನ ದಕ್ಷಿಣಕ್ಕೆ, ಆಮ್‌ಸ್ಟೆಲ್ ನದಿಯ ದಂಡೆಯಲ್ಲಿ ಔಡರ್‌ಕೆರ್ಕ್‌ವರೆಗೆ ಹೋಗಿ. ಶ್ರಮವೆಲ್ಲ ಮೊದಲೇ ಮುಗಿಯುತ್ತದೆ. ಹಳ್ಳಿಗಾಡಿನಲ್ಲಿ ಕೂಡುದಾರಿಗಳಿಗೆ ನಂಬರು ಕೊಟ್ಟಿದ್ದಾರೆ. ದಾರಿಯ ನಂಬರುಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸಿಕೊಂಡರೆ ಫೋನೇ ಬೇಡ.

ಆಮ್‌ಸ್ಟೆಲ್‌ವೇನ್‌ನಲ್ಲಿ ನೆಂಟರಿದ್ದರೆ ಮೊದಲ ದಿನ ಪಕ್ಕದ ಆಮ್‌ಸ್ಟರ್‌ಡಾಮ್ಸೆ ಬೋಸ್‌ನಲ್ಲಿ ಅಭ್ಯಾಸ ಮಾಡಿ. 1934ರಿಂದ ನಿರುದ್ಯೋಗಿಗಳ ಕೈಯಲ್ಲಿ ಅಗೆಸಿ, ಗಿಡ ನೆಡಿಸಿ ಬೆಳೆಸಿದ ಕಾಡು ಅದು. ಕಾರಿನ ಕಾಟವಿಲ್ಲದ ಪಥಗಳಲ್ಲಿ ಒಂದು ಗಂಟೆ ಓಡಾಡಿದರೆ ಬಲಗಡೆಯ ರೂಢಿಯೂ ಬ್ರೇಕಿನ ಅಂದಾಜೂ ಕೈಗೆ ಹತ್ತುತ್ತದೆ.

ಸೈಕಲ್ಲನ್ನು ರೈಲಿಗೆ ಹತ್ತಿಸಬೇಕಿದ್ದರೆ ಬೇರೆ ಟಿಕೆಟ್ ಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9, ಸಂಜೆ 4ರಿಂದ 6.30ರವರೆಗೆ ಬಿಡುವುದಿಲ್ಲ, ಜುಲೈ, ಆಗಸ್ಟ್‌ನಲ್ಲಿ ಈ ನಿರ್ಬಂಧವಿಲ್ಲ. ಕೊಡೆ ಮನೆಯಲ್ಲಿ ಬಿಟ್ಟು, ಟೋಪಿ ಇರುವ ಮಳೆಕೋಟು ಮಡಚಿ ಕ್ಯಾರಿಯರಿಗೆ ಕಟ್ಟಿಕೊಳ್ಳಿ.