ಹತ್ತು ಜನ, ಒಂದು ಪುಟ

ಮೊದಲ ವರ್ಷದ ಡಿಗ್ರಿ ಮಕ್ಕಳಿಗೆ ಸೆಮಿನಾರ್ ಬೇಡ, ಅವರು ಬಾಯಿ ಬಿಡುವುದಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತುಂಬಿದ ಕ್ಲಾಸಿನಲ್ಲಿ ಯಾರು ತಾನೇ ಬಾಯಿ ಬಿಡುತ್ತಾರೆ? ಹತ್ತು ಜನರನ್ನು ಸುತ್ತ ಕೂರಿಸಿ ನೋಡಿ.

ನಮ್ಮ ಕಾಸರಗೋಡಿನಲ್ಲಂತೂ ಇದು ಜಾಸ್ತಿ ಬೇಕು. ಮನೆಯಲ್ಲಿ ತುಳುವೋ ಬ್ಯಾರಿಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಕಾಲೇಜಿಗೆ ಬಂದ ಕೂಡಲೇ ಎಲ್ಲ ಇಂಗ್ಲಿಷ್. ಗೊತ್ತಿದ್ದರೂ ಹೇಳಲು ಹೆದರಿಕೆ. ಅದಕ್ಕೇ ಮೊದಲಿಗೆ ಯಾವ ಭಾಷೆಯಾದರೂ ಸರಿ, ಮಾತಾಡಿ ಅಂತ ಬಿಟ್ಟುಬಿಡುತ್ತೇನೆ.

ಓದಲು ಕೊಡುವುದು ಒಂದೇ ಪುಟ. ಮೊನ್ನೆ, ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗದ ವರದಿಯದ್ದು ಕೊಟ್ಟಿದ್ದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಆಯೋಗ ಹೇಳಿದ್ದು, ಅದು ಜಾರಿಯಾಗದೆ ಉಳಿದದ್ದು ಇಲ್ಲಿ ಬಹಳ ಮಕ್ಕಳಿಗೆ ಗೊತ್ತು. ಹೊಳೆಯೇ ಯಾಕೆ ಗಡಿ ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ನಾನೂ ಸುಮ್ನೆ ಕೂತೆ. ಆ ಹೊತ್ತಿಗೆ ಮೇಷ್ಟ್ರು ಬಾಯಿ ಹಾಕಿದರೆ ಅದು ಮತ್ತೆ ಪಾಠವೇ ಆಗಿಬಿಡುತ್ತದೆ, ಅಲ್ವಾ?

ಕೊನೆಗೆ ಒಬ್ಬಳು, "ಸರ್, ನಮ್ಮ ಅಜ್ಜಿ ಮನೆ ಹೊಳೆಯ ಆಚೆ. ಅಲ್ಲಿಯೂ ಕನ್ನಡವೇ" ಅಂದಳು. ಎದುರಿದ್ದ ಹುಡುಗ ಬಿಡಲಿಲ್ಲ. ಒಂದು ಮನೆಯಿಂದ ಏನೂ ಸಾಬೀತಾಗುವುದಿಲ್ಲ, ಆಯೋಗ ಏನು ಆಧಾರ ಕೊಟ್ಟಿದೆ ತೋರಿಸು ಅಂತ ಮಲಯಾಳದಲ್ಲಿ ವಾದಕ್ಕಿಳಿದ. ಎಲ್ಲರೂ ಪುಟದ ಮೇಲೆ ಬಗ್ಗಿದರು. ನನಗೆ ಬೇಕಿದ್ದುದು ಅದೇ.

ಇನ್ನು ಮಾರ್ಕಿನ ವಿಷಯ. ಮಾತಾಡಿದವರಿಗೆ ಮಾತ್ರ ಕೊಡಬೇಡಿ. ಸಂಕೋಚದ ಮಗು ಚೀಟಿಯಲ್ಲಿ ಬರೆದು ತಂದ ಒಂದು ಒಳ್ಳೆಯ ಪ್ರಶ್ನೆಗೂ ಅಷ್ಟೇ ಕೊಡಿ.